ಹಿಂದೆ ಉಳಿದ ಪೆಟ್ಟಿಗೆ ಹೇಳಿದ ಪಾಠ

‘ಚೆನ್ನಾಗಿದೆ’ ಎಂದರೆ ಅಡುಗೆ ಮಾಡಿದವರಿಗೆ ಸಂತೋಷವಾಗುತ್ತದೆ. ಆದರೆ ಅದರಿಂದ ಮರುದಿನದ ಸಾರು ಸುಧಾರಿಸುವುದಿಲ್ಲ. ‘ಚೆನ್ನಾಗಿಲ್ಲ’ ಎಂದರೂ ಅಷ್ಟೆ. ‘ಹುಳಿ ಹೆಚ್ಚಾಗಿ ಎರಡನೇ ತುತ್ತಿಗೇ ನಾಲಿಗೆ ಚುರುಗುಟ್ಟಿತು’ ಎಂದಾಗ ಮಾತ್ರ ನಾಳೆ ಹುಣಿಸೆಹಣ್ಣು ಎಷ್ಟು ಹಾಕಬೇಕೆಂಬುದು ತಿಳಿಯುತ್ತದೆ.

ಸಭಿಕರೇ, ಕಂಪ್ಯೂಟರ್ ಆಟಗಳ ಲೋಕದಲ್ಲೂ ನಡೆಯುವುದು ಇದೇ. ದೊಡ್ಡ ಕಂಪೆನಿಯ ಬೆಂಬಲವಿಲ್ಲದೆ ಒಬ್ಬಿಬ್ಬರೋ, ನಾಲ್ಕಾರು ಗೆಳೆಯರೋ ಸೇರಿ ತಯಾರಿಸುವ ಆಟಗಳನ್ನು ‘ಇಂಡಿ’ ಆಟಗಳೆನ್ನುತ್ತಾರೆ. ತಯಾರಿಸಿದವರಿಗೆ ಆಟದ ಮೂಲೆಮೂಲೆಯೂ ಬಾಯಿಪಾಠ. ತೊಡಕಿರುವುದೂ ಅಲ್ಲೇ. ದಾರಿ ಗೊತ್ತಿದ್ದವನಿಗೆ, ಗೊತ್ತಿಲ್ಲದವನು ಎಲ್ಲಿ ಎಡವುತ್ತಾನೆಂಬುದು ಹೊಳೆಯುವುದಿಲ್ಲ. ಆದ್ದರಿಂದಲೇ ಆಟವನ್ನು ಹೊಸಬರ ಕೈಗೆ ಕೊಟ್ಟು, ಆಡಿಸಿ ನೋಡುವ ಪದ್ಧತಿ ಬೆಳೆದಿದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಡ್ಮಂಡ್‌ನಲ್ಲಿ ಡಿಜಿಪೆನ್ ಎಂಬ ವಿದ್ಯಾಸಂಸ್ಥೆಯಿದೆ. ಅಲ್ಲಿನ ವಿದ್ಯಾರ್ಥಿಗಳ ತಂಡವೊಂದು 2005ರಲ್ಲಿ ‘ನಾರ್ಬ್ಯಾಕ್ಯುಲರ್ ಡ್ರಾಪ್’ ಎಂಬ ಪುಟ್ಟ ಆಟವನ್ನು ಹೊರತಂದಿತು. ಅದರ ನಾಯಕಿಯಾದ ರಾಜಕುಮಾರಿಗೆ ಜಿಗಿಯಲು ಬಾರದು. ಎರಡು ಮಾಯಾದ್ವಾರಗಳನ್ನು ತೆರೆದು, ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂದೇ ಆಕೆ ದಾರಿ ಸಾಗಬೇಕು. ಇದನ್ನು ಮೆಚ್ಚಿದ ವಾಲ್ವ್ ಕಂಪೆನಿ ಆ ತಂಡವನ್ನು ಕೆಲಸಕ್ಕೆ ಸೇರಿಸಿಕೊಂಡಿತು. ಕಿಮ್ ಸ್ವಿಫ್ಟ್ ಮುಂದಾಳಾಗಿದ್ದ ಸುಮಾರು ಹತ್ತು ಮಂದಿಯ ತಂಡ ಅದೇ ಕಲ್ಪನೆಯನ್ನು ಬೆಳೆಸಿತು. 2007ರ ಅಕ್ಟೋಬರ್‌ನಲ್ಲಿ ‘ಪೋರ್ಟಲ್’ ಬಿಡುಗಡೆಯಾಯಿತು.

ಪೋರ್ಟಲ್‌ನ ಒಂದು ಹಂತದಲ್ಲಿ ಒಂದೇ ಪೆಟ್ಟಿಗೆಯನ್ನು ಆರಂಭದಿಂದ ಕೊನೆಯತನಕ ಜೊತೆಗೆ ಒಯ್ಯಬೇಕು. ಆಡಿಸಿ ನೋಡಿದಾಗ ಜನ ಅದನ್ನು ಮರೆತು ಹಿಂದೆಯೇ ಬಿಟ್ಟುಹೋಗುತ್ತಿದ್ದರು. ಆಡಿದವರೇ ದಡ್ಡರೆಂದು ತಂಡ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ಅದು ಪೆಟ್ಟಿಗೆಯ ಮೈಮೇಲೆ ಹೃದಯದ ಚಿತ್ರ ಬಿಡಿಸಿತು. ಅದು ನಿಮ್ಮ ಸಂಗಾತಿ ಎಂದು ಆಟದೊಳಗಿನ ಯಂತ್ರದ ಧ್ವನಿಯಿಂದ ಹೇಳಿಸಿತು. ಆಮೇಲೆ ಜನ ಪೆಟ್ಟಿಗೆಯನ್ನು ಮರೆಯುವುದಿರಲಿ, ಅದಕ್ಕೆ ಅಂಟಿಕೊಂಡೇಬಿಟ್ಟರು! ಹಂತದ ಕೊನೆಗೆ ಅದೇ ಸಂಗಾತಿಯನ್ನು ಕುಲುಮೆಗೆ ಹಾಕಬೇಕಾದ ಸಂಕಟ ಬೇರೆ. ಆಟದ ಅಂತಿಮ ಹೋರಾಟದಲ್ಲಿ ಶತ್ರುವಿನ ಬಿಡಿಭಾಗಗಳನ್ನು ಸುಡುವ ಉಪಾಯಕ್ಕೂ ಅದೇ ಪೂರ್ವಪಾಠವಾಯಿತು.

ಅಂದು ಯಾರಾದರೂ ‘ಈ ಹಂತವೇ ಬೇಡ, ತೆಗೆದುಹಾಕಿ’ ಎಂದು ಸಲಹೆ ಕೊಟ್ಟು, ತಂಡ ಅದನ್ನು ಪಾಲಿಸಿದ್ದರೆ? ಆಟಗಾರರು ಇಂದಿಗೂ ನೆನೆಯುವ ಭಾಗವೇ ಕಳೆದುಹೋಗುತ್ತಿತ್ತು. ನೋವು ಎಲ್ಲಿದೆಯೆಂದು ರೋಗಿ ಹೇಳಲಿ, ಮದ್ದನ್ನು ವೈದ್ಯ ಬರೆಯಲಿ. ಅಭಿಪ್ರಾಯ ಹೇಳುವವರು ಎಲ್ಲಿ ನಿಂತೆವು, ಏನೆಂದುಕೊಂಡೆವು, ಯಾವಾಗ ಬೇಸರವಾಯಿತು ಎಂಬುದನ್ನು ಹೇಳಿದರೆ ಅದೇ ದೊಡ್ಡ ಉಪಕಾರ. ಎಲ್ಲಿ ಖುಷಿಯಾಯಿತೆಂಬುದನ್ನೂ ಹೇಳಬೇಕು. ಇಲ್ಲವಾದರೆ ತಿದ್ದುವ ಭರದಲ್ಲಿ ಒಳ್ಳೆಯದೂ ಅಳಿಸಿಹೋದೀತು.

ಕೇಳುವವರ ಕಷ್ಟ ಇನ್ನೂ ದೊಡ್ಡದು. ಆಡುತ್ತಿರುವವನ ಪಕ್ಕದಲ್ಲಿ ಕುಳಿತು ‘ಅಲ್ಲಲ್ಲ, ಎಡಕ್ಕೆ ಹೋಗಿ’ ಎನ್ನುವ ಚಪಲವನ್ನು ಅವರು ತಡೆದುಕೊಳ್ಳಬೇಕು. ಆಟ ಕೊಂಡ ಪ್ರತಿಯೊಬ್ಬರ ಮನೆಗೂ ಹೋಗಿ ವಿವರಣೆ ಕೊಡಲಾದೀತೆ? ಒಬ್ಬನ ದೂರು ಬರೀ ಅಭಿರುಚಿಯ ಮಾತಿರಬಹುದು. ನಾಲ್ವರು ಒಂದೇ ಕಡೆ ಎಡವಿದರೆ ದಾರಿಯಲ್ಲೇ ಕಲ್ಲಿದೆಯೆಂದು ತಿಳಿಯಬೇಕು.

ಇಂಥ ಆಟವೊಂದರ ಹಿಂದೆ ಯಾರದೋ ವರ್ಷಗಟ್ಟಲೆಯ ನಿದ್ದೆ, ಕೂಡಿಟ್ಟ ಹಣ ಇರುತ್ತದೆ. ‘ನಿನಗೆ ಇದು ಬರುವುದಿಲ್ಲ’ ಎಂಬ ಮಾತು ಆಟವನ್ನು ತಿದ್ದದೆ ಮನುಷ್ಯನನ್ನು ಮುರಿಯುತ್ತದೆ. ಹಾಗೆಂದು ದಾಕ್ಷಿಣ್ಯಕ್ಕೆ ಹೊಗಳಿ ಎದ್ದುಬರುವುದೂ ಸ್ನೇಹವಲ್ಲ. ಗೆಳೆಯ ಇಂದು ಹೇಳದೆ ಉಳಿಸಿದ್ದನ್ನು ನಾಳೆ ಹಣ ಕೊಟ್ಟವರು ಹೇಳುತ್ತಾರೆ. ಆಗ ತಿದ್ದಿಕೊಳ್ಳಲು ತಯಾರಕನ ಕೈಯಲ್ಲಿ ಸಮಯವೂ ಇರದು, ಹಣವೂ ಇರದು.