ದಾಂಡೇಲಿಯ ಕಾಡಿನಲ್ಲಿ ನಾನು ಕಲಿತ ಪಾಠ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಮಾಸ್ತರನಿಗೂ ಹಕ್ಕಿಗಳಿಗೂ ಏನು ಸಂಬಂಧ ಎಂದು ನಿಮಗೆ ಅನಿಸಬಹುದು. ಉರ್ದು ಕವಿತೆಯಲ್ಲಿ ಬುಲ್‌ಬುಲ್, ಕನ್ನಡ ಪದ್ಯದಲ್ಲಿ ಕೋಗಿಲೆ ಮತ್ತೆ ಮತ್ತೆ ಬರುತ್ತವೆ. ಅವುಗಳನ್ನು ಹತ್ತು ವರ್ಷ ಕಲಿಸಿದ ನನಗೆ ನಮ್ಮ ಶಾಲೆಯ ಬೇವಿನ ಮರಕ್ಕೆ ಬರುವ ನಾಲ್ಕು ಹಕ್ಕಿಗಳ ಹೆಸರು ಹೇಳಲು ಬರುತ್ತಿರಲಿಲ್ಲ. ಈ ನಾಚಿಕೆಯಿಂದಲೇ ಕಳೆದ ಏಪ್ರಿಲ್ ರಜೆಯಲ್ಲಿ, ಒಂಬತ್ತನೇ ತರಗತಿ ಮುಗಿಸಿದ 14 ಮಕ್ಕಳನ್ನು ಇಬ್ಬರು ಶಿಕ್ಷಕಿಯರ ಜೊತೆಗೂಡಿ ಧಾರವಾಡದಿಂದ ದಾಂಡೇಲಿಗೆ ಕರೆದೊಯ್ದೆ.

ಅವರಲ್ಲಿ ಒಬ್ಬ ಹುಡುಗನನ್ನು ಕರೆದೊಯ್ಯಲು ನನಗೆ ಮನಸ್ಸಿರಲಿಲ್ಲ. ಎರಡು ಸಲ ಅವನ ಜೇಬಿನಿಂದ ಗುಲೇಲ್ ಕಿತ್ತುಕೊಂಡಿದ್ದೆ. ಪರೀಕ್ಷೆಯಲ್ಲೂ ಹಿಂದೆ. 'ಇವನಿಂದ ಏನೂ ಆಗದು' ಎಂದು ಅವನೆದುರೇ ಅಂದವನು ನಾನು. ಶಿಕ್ಷಕಿಯೊಬ್ಬರು ಹಟ ಹಿಡಿದಿದ್ದರಿಂದ ಅವನೂ ಬಂದ.

ದಾಂಡೇಲಿ ಕಾಡು 1956ರಲ್ಲಿ ವನ್ಯಧಾಮವಾಯಿತು. 2007ರಲ್ಲಿ ಅಣಶಿಯೊಡನೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಹುಲಿ ಕಾಣುವುದು ಅದೃಷ್ಟದ ಮಾತು. ಆದರೆ ಮಂಗಟ್ಟೆ ಹಕ್ಕಿಗೆ ಇದು ದೊಡ್ಡ ಆಸರೆ. ಉರ್ದುವಿನಲ್ಲಿ ಇದನ್ನೇ ಧನೇಶ್ ಎನ್ನುತ್ತೇವೆ. ಕರ್ನಾಟಕದಲ್ಲಿ ಕಾಣುವ ನಾಲ್ಕೂ ಬಗೆಯ ಮಂಗಟ್ಟೆಗಳು ಇಲ್ಲಿವೆ.

ಬೇಸಿಗೆ ಅವುಗಳ ಮರಿ ಮಾಡುವ ಕಾಲ. ಹಳೆಯ, ದಪ್ಪ ಮರದ ಪೊಟರೆಯೊಳಗೆ ಹೆಣ್ಣು ಹೋಗಿ ಕೂರುತ್ತದೆ. ಹಿಕ್ಕೆ, ಹಣ್ಣಿನ ತಿರುಳು, ಮಣ್ಣು ಮೆತ್ತಿ ಬಾಗಿಲು ಮುಚ್ಚಿಬಿಡುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಗಂಡು ತಿಂಗಳುಗಟ್ಟಲೆ ಆಲ, ಅತ್ತಿ, ಬಸರಿಯ ಹಣ್ಣು ತಂದು ಆ ಸೀಳಿನಿಂದ ಉಣಿಸುತ್ತದೆ. ಅದು ಬೀಳಿಸಿದ ಬೀಜಗಳಿಂದ ಕಾಡು ಮತ್ತೆ ಹುಟ್ಟುತ್ತದೆ. ಈ ಹಕ್ಕಿಗೆ ಮರ ಕೊರೆಯಲು ಬರುವುದಿಲ್ಲ. ಹಳೆಯ ಮರ ಹೋದರೆ ಅದರ ಮನೆಯೂ ಹೋಯಿತು.

ಬೆಳಿಗ್ಗೆ ಏಳಕ್ಕೆ ಮಾರ್ಗದರ್ಶಿ ನಮಗೆ ದೂರದಿಂದ ಅಂಥದೊಂದು ಮರ ತೋರಿಸಿದರು. ಕುತೂಹಲದಲ್ಲಿ ನಾವು ಹೆಜ್ಜೆ ಹೆಜ್ಜೆಯಾಗಿ ಮುಂದೆ ಸರಿದೆವು. ಗಂಡು ಬಂತು. ಗೂಡಿಗೆ ಹೋಗದೆ ಪಕ್ಕದ ಮರದಲ್ಲಿ ಸುಮ್ಮನೆ ಕೂತಿತು. ಹತ್ತು ನಿಮಿಷ ಕಳೆಯಿತು. ಆಗ ಆ ಹುಡುಗ ನನ್ನ ತೋಳು ಹಿಡಿದು ಪಿಸುಗುಟ್ಟಿದ: "ಸರ್, ನಾವು ಹಿಂದ ಸರದ್ರ ಅದು ಬರತೈತ್ರಿ."

ಎಲ್ಲರೂ ಹಿಂದೆ ಸರಿದು ಪೊದೆಯ ಮರೆಯಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ರೆಕ್ಕೆಯ ದೊಡ್ಡ ಸದ್ದು ಕೇಳಿತು. ಗಂಡು ಗೂಡಿನ ಬಾಯಿಗೆ ಬಂದು, ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಒಳಗೆ ಕೊಟ್ಟಿತು. ಮಕ್ಕಳು ಉಸಿರು ಬಿಗಿಹಿಡಿದು ಎಣಿಸಿದರು.

"ನಿನಗೆ ಹೆಂಗ ಗೊತ್ತಾತು?" ಎಂದು ಕೇಳಿದೆ. ತಲೆ ತಗ್ಗಿಸಿ, "ಗುಲೇಲ್ ಹಿಡದು ಕುಂತಾಗ ಹಕ್ಕಿ ಹಂಗ ಮಾಡ್ತಾವ್ರಿ" ಎಂದ. ಮರಳುವಾಗ ಅವನೇ ಕೇಳಿದ: "ಗಂಡಿಗೆ ಯಾರರ ಕಲ್ಲು ಹೊಡದ್ರ, ಒಳಗಿಂದು ಏನ್ ಮಾಡ್ತೈತ್ರಿ?" ನನಗೆ ತಿಳಿಯದು ಎಂದು ಒಪ್ಪಿಕೊಂಡೆ. ಮಾರ್ಗದರ್ಶಿ ಹೇಳಿದರು: ಒಳಗಿರುವಾಗ ಹೆಣ್ಣಿನ ಹಾರುವ ಗರಿಗಳು ಉದುರಿರುತ್ತವೆ, ಗಂಡು ಸತ್ತರೆ ತಾಯಿ, ಮರಿ ಇಬ್ಬರ ಜೀವಕ್ಕೂ ಅಪಾಯ. ಹುಡುಗ ಬಸ್ಸಿನವರೆಗೆ ಮಾತಾಡಲಿಲ್ಲ.

ಬಂಧುಗಳೇ, 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಒಬ್ಬ ತಬ್ಬಲಿ ಹುಡುಗನೂ ಹಕ್ಕಿಗಳಿಗೆ ಗುರಿಯಿಡುತ್ತಿದ್ದ. ಒಮ್ಮೆ ತನ್ನ ಏರ್‌ಗನ್ನಿಗೆ ಬಿದ್ದ ಗುಬ್ಬಿಯ ಕುತ್ತಿಗೆಯಲ್ಲಿ ಹಳದಿ ಮಚ್ಚೆ ಕಂಡು, ಇದೇನೆಂದು ಮಾವನನ್ನು ಕೇಳಿದ. ಬೇಟೆಗಾರರಾಗಿದ್ದ ಮಾವ ಅಮೀರುದ್ದೀನ್ ತ್ಯಾಬ್ಜಿಯವರಿಗೆ ಗೊತ್ತಿರಲಿಲ್ಲ. ಅವರು ಗದರಿಸಲಿಲ್ಲ, ಬಲ್ಲವರಿರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಆ ಹುಡುಗನೇ ಡಾ. ಸಲೀಂ ಅಲಿ. ವಿಶ್ವವಿದ್ಯಾಲಯದಲ್ಲಿ ಓದಿ ಪಡೆದ ಪದವಿ ಅವರಿಗಿರಲಿಲ್ಲ. ಆದರೂ 1941ರಲ್ಲಿ ಬಂದ ಅವರ ಪುಸ್ತಕ ಭಾರತಕ್ಕೆ ತನ್ನ ಹಕ್ಕಿಗಳನ್ನು ಪರಿಚಯಿಸಿತು. ನಮ್ಮ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದ. 1976ರಲ್ಲಿ ಪದ್ಮವಿಭೂಷಣ ಬಂತು. ಅಂದು ಮಾವ 'ನಿನ್ನಿಂದ ಏನೂ ಆಗದು' ಎಂದಿದ್ದರೆ?

ಜೂನ್‌ನಲ್ಲಿ ಶಾಲೆ ಶುರುವಾದಾಗ ನಮ್ಮ ಹುಡುಗ ಬರಲಿಲ್ಲ. ಗ್ಯಾರೇಜಿಗೆ ಸೇರಿದ್ದ. ಮೂರು ಸಲ ಅವನ ಮನೆಗೆ ಹೋದೆ. ಕಾಡಿನಲ್ಲಿ ನಡೆದದ್ದನ್ನು ಅವನ ಅಬ್ಬಾಗೆ ಹೇಳಿ, ನಾನು ಆಡಿದ ಮಾತಿಗೆ ಮಾಫಿ ಕೇಳಿದೆ. ಜುಲೈಯಲ್ಲಿ ಅವನು ಮರಳಿದ. ಭಾನುವಾರ ಗ್ಯಾರೇಜು, ಉಳಿದ ದಿನ ಶಾಲೆ. ಹತ್ತನೇ ತರಗತಿ ಪಾಸಾಗುತ್ತಾನೋ ಇಲ್ಲವೋ, ನಾನು ಭರವಸೆ ಕೊಡಲಾರೆ. ಬೇವಿನ ಮರದ ಹಕ್ಕಿಗಳ ಪಟ್ಟಿ ಮಾತ್ರ ಅವನ ನೋಟ್‌ಬುಕ್ಕಿನಲ್ಲಿ ಬೆಳೆಯುತ್ತಿದೆ. ಹೆಸರುಗಳನ್ನು ಉರ್ದು, ಕನ್ನಡ ಎರಡರಲ್ಲೂ ಬರೆಯುತ್ತಿದ್ದೇವೆ.

ಸಂಘದ ಹಿರಿಯರಲ್ಲಿ ನನ್ನ ವಿನಂತಿ ಚಿಕ್ಕದು. ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡಿ, ಅದು ಬೇಕು. ಅದರ ಜೊತೆಗೆ ಶಾಲೆಗೆ ಎರಡು ದುರ್ಬೀನು ಕೊಡಿಸಿ. ನವೆಂಬರ್ 12 ಸಲೀಂ ಅಲಿಯವರ ಜನ್ಮದಿನ. ಅಂದು ಮಕ್ಕಳನ್ನು ಹತ್ತಿರದ ಕೆರೆಗೋ ತೋಪಿಗೋ ಕಳಿಸಿಕೊಡಿ. ಹೆಣ್ಣುಮಕ್ಕಳನ್ನೂ ಕಳಿಸಿ.

ವಿದ್ಯಾರ್ಥಿಗಳೇ, ನಿಮ್ಮ ಪ್ರಶ್ನೆಗೆ ಮಾಸ್ತರರಿಗೆ ಉತ್ತರ ಬಾರದಿದ್ದರೂ ಕೇಳುವುದನ್ನು ಬಿಡಬೇಡಿ. ಶಿಕ್ಷಕ ಮಿತ್ರರೇ, ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಬಾ ಕೇಳೋಣ" ಎನ್ನೋಣ. ಕೆಲವು ಮಕ್ಕಳು ನಮ್ಮ ಹತ್ತಿರ ಬರಬೇಕಾದರೆ ನಾವೇ ಒಂದು ಹೆಜ್ಜೆ ಹಿಂದೆ ಸರಿಯಬೇಕಾಗುತ್ತದೆ.