ಎರಡು ಕಡ್ಡಿ, ಒಂದು ನೂಲು



ಕನ್ನಡದಲ್ಲಿ 'ಹೆಣೆ' ಎಂಬ ಧಾತುವೊಂದುಂಟು. ಹಳಗನ್ನಡದಲ್ಲಿ ಇದರ ರೂಪ 'ಪೆಣೆ'. 'ಪಾಲ್' ಹಾಲಾದಂತೆ, 'ಪೂ' ಹೂವಾದಂತೆ, 'ಪೆಣೆ' ಹೆಣೆಯಾಯಿತು. ನಾವು ಬುಟ್ಟಿ ಹೆಣೆಯುತ್ತೇವೆ, ಚಾಪೆ ಹೆಣೆಯುತ್ತೇವೆ, ಜಡೆ ಹೆಣೆಯುತ್ತೇವೆ. ಕೆಲವರು ಕಥೆಯನ್ನೂ ಹೆಣೆಯುತ್ತಾರೆ. ಇವುಗಳಲ್ಲೆಲ್ಲ ಹಲವು ಎಳೆಗಳು ಒಂದರೊಡನೊಂದು ಕೂಡಬೇಕು. ಉಣ್ಣೆಯ ಹೆಣಿಗೆಯಲ್ಲಾದರೋ ಇರುವುದು ಒಂದೇ ಎಳೆ. ಅದು ತನ್ನೊಡನೆ ತಾನೇ ಹೆಣೆದುಕೊಂಡು ಬಟ್ಟೆಯಾಗುತ್ತದೆ. ಮಗ್ಗ ಬೇಡ, ಹಾಸು ಹೊಕ್ಕು ಬೇಡ. ಎರಡು ಕಡ್ಡಿ, ಒಂದು ಉಂಡೆ ನೂಲು, ಕೂರಲು ಒಂದು ಮೂಲೆ, ಇಷ್ಟಿದ್ದರೆ ಸಾಕು. ಇಷ್ಟೂ ಸಿಕ್ಕಿದರೂ ಸುಲಭವಾಗಿ ಸಿಕ್ಕದ ವಸ್ತು ಇನ್ನೊಂದಿದೆ. ಅದು ಬಿಡುವು. ಆ ಬಿಡುವಿನ ಮಾತನ್ನೇ ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಕಡ್ಡಿ ಹಿಡಿದು ಹೆಣೆಯಲು ನನಗೆ ಬಾರದು. ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಹೇಳುತ್ತೇನೆ. ಎರಡು ವರ್ಷಗಳ ಹಿಂದೆ ನಮ್ಮ ಪ್ರೌಢಶಾಲೆಗೆ ಗಣಿತದ ಅಧ್ಯಾಪಕಿಯಾಗಿ ಒಬ್ಬ ಹೆಣ್ಣುಮಗಳು ಬಂದರು. ಇಪ್ಪತ್ತನಾಲ್ಕರ ವಯಸ್ಸು, ಮೊದಲನೆಯ ಕೆಲಸ. ಹೆಸರು ಬೇಡ, ಇಂಥವರು ನಿಮ್ಮ ಊರಿನಲ್ಲಿಯೂ ಇದ್ದಾರು. ಈಕೆಯ ಕೈಚೀಲದಲ್ಲಿ ಪಾಠದ ಪುಸ್ತಕ, ಊಟದ ಡಬ್ಬಿಗಳೊಡನೆ ಒಂದು ಬಟ್ಟೆಯ ಸಂಚಿ ಯಾವಾಗಲೂ ಇರುತ್ತದೆ. ಸಂಚಿಯೊಳಗೆ ಹೆಣಿಗೆ. ಅರ್ಧ ವಿದ್ಯೆಯನ್ನು ಅಜ್ಜಿಯಿಂದ ಕಲಿತರು, ಉಳಿದರ್ಧವನ್ನು ಮೊಬೈಲಿನ ಚಿತ್ರಗಳನ್ನು ನೋಡಿ ಕಲಿತರು.

ಈಕೆಯ ದಿನಚರಿ ಕೇಳಿ. ಬೆಳಗ್ಗೆ ಐದೂವರೆಗೆ ಏಳಬೇಕು. ನಲ್ಲಿಯಲ್ಲಿ ನೀರು ಬಿಡುವ ದಿನವಾದರೆ ಐದಕ್ಕೇ. ಬಾಡಿಗೆಯ ಒಂದು ಕೋಣೆ. ಅಡಿಗೆ, ಪಾತ್ರೆ, ಬಟ್ಟೆ ಎಲ್ಲ ತಮ್ಮ ಕೈಯಲ್ಲೇ. ಎಂಟೂಕಾಲರ ಬಸ್ಸು. ದಿನಕ್ಕೆ ಐದು ಪೀರಿಯಡ್. ಎಂಟನೆಯ ತರಗತಿಗೆ ಬೀಜಗಣಿತ, ಹತ್ತನೆಯದಕ್ಕೆ ತ್ರಿಕೋನಮಿತಿ. ಹಾಜರಿ, ಬಿಸಿಯೂಟದ ಉಸ್ತುವಾರಿ, ತಿದ್ದಬೇಕಾದ ಪುಸ್ತಕಗಳ ಹೊರೆ. ಸಂಜೆ ಕೋಣೆ ಸೇರುವ ವೇಳೆಗೆ ಆರೂವರೆ. ತಿಂಗಳ ಸಂಬಳದಲ್ಲಿ ಒಂದು ಪಾಲು ಊರಿಗೆ, ತಮ್ಮನ ಕಾಲೇಜಿನ ಖರ್ಚಿಗೆ. ಲೆಕ್ಕ ಹಾಕಿ ನೋಡಿದರೆ ಹೊತ್ತೂ ಹಣವೂ ಪರರ ಪಾಲು. ತಮ್ಮದೆಂದು ಉಳಿಯುವುದು ರಾತ್ರಿ ಒಂಬತ್ತರಿಂದ ಒಂಬತ್ತೂವರೆಯವರೆಗಿನ ಅರ್ಧ ಗಂಟೆ ಮಾತ್ರ. ಆಗ ರೇಡಿಯೋ ಹಚ್ಚಿ, ಕಾಲು ಚಾಚಿ ಕುಳಿತು, ಸಂಚಿಯನ್ನು ಬಿಚ್ಚುತ್ತಾರೆ. ಹೆಣೆಯುವವರ ಕೈಗೆ ಕೆಲಸವುಂಟು, ಕಣ್ಣಿಗೆ ಅರೆಗೆಲಸ. ಕಿವಿ ಮಾತ್ರ ಪೂರ್ತಿ ಬಿಡುವಾಗಿರುತ್ತದೆ. ರೇಡಿಯೋ ಇರುವ ಮನೆಯವರಿಗೆ ಇದಕ್ಕಿಂತ ಒಪ್ಪುವ ಹವ್ಯಾಸವನ್ನು ನಾನು ಕಂಡಿಲ್ಲ.

ಇದರಲ್ಲಿ ಅಂಥ ವಿದ್ಯೆ ಏನಿದೆ ಎಂದು ಕೇಳಬಹುದು. ನಾನೂ ಕೇಳಿದೆ. ಆಕೆ ಹೇಳಿದರು: "ಸಾರ್, ಇರುವುದು ಎರಡೇ ಹೊಲಿಗೆ. ಒಂದು ನಿಟ್, ಇನ್ನೊಂದು ಪರ್ಲ್. ಕುಣಿಕೆಯನ್ನು ಹಿಂದಿನಿಂದ ಮುಂದಕ್ಕೆ ಎಳೆದರೆ ಒಂದು, ಮುಂದಿನಿಂದ ಹಿಂದಕ್ಕೆ ಎಳೆದರೆ ಇನ್ನೊಂದು. ಈ ಮಗ್ಗುಲಲ್ಲಿ ನಿಟ್ ಎಂದು ಕಾಣುವುದೇ ಆ ಮಗ್ಗುಲಲ್ಲಿ ಪರ್ಲ್." ಕನ್ನಡ ಪಂಡಿತನಿಗೆ ಇಷ್ಟು ಸಾಕಾಯಿತು. ನಮ್ಮ ಛಂದಸ್ಸಿನಲ್ಲಿಯೂ ಇರುವುದು ಎರಡೇ ಅಲ್ಲವೆ? ಲಘು, ಗುರು. ಇವೆರಡನ್ನು ಮೂರು ಮೂರಾಗಿ ಜೋಡಿಸಿದರೆ ಎಂಟು ಗಣಗಳಾಗುತ್ತವೆ. ಆ ಗಣಗಳಿಂದ ವೃತ್ತಗಳು ಹುಟ್ಟುತ್ತವೆ. ಹತ್ತನೆಯ ಶತಮಾನದ ನಾಗವರ್ಮ 'ಛಂದೋಂಬುಧಿ' ಎಂದು ತನ್ನ ಗ್ರಂಥಕ್ಕೆ ಹೆಸರಿಟ್ಟ. ಎರಡು ಹನಿಗಳಿಂದ ಆದ ಅಂಬುಧಿ ಅದು. ಹೆಣಿಗೆಯೂ ಹಾಗೆಯೇ. ಒಂದು ಸಾಲೆಲ್ಲ ನಿಟ್, ಮರುಸಾಲೆಲ್ಲ ಪರ್ಲ್ ಹಾಕುತ್ತ ಹೋದರೆ ಮುಖ ನಯವಾಗುತ್ತದೆ, ಆದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಒಂದು ನಿಟ್ಟಿನ ಪಕ್ಕದಲ್ಲಿ ಒಂದು ಪರ್ಲ್ ಇಟ್ಟು, ಮೇಲಿನ ಸಾಲುಗಳಲ್ಲಿಯೂ ಅದೇ ಕ್ರಮ ಹಿಡಿದರೆ ಹಿಗ್ಗಿ ಕುಗ್ಗುವ ಪಟ್ಟಿಯಾಗುತ್ತದೆ. ಕೊರಳಿಗೆ, ಮಣಿಕಟ್ಟಿಗೆ, ನಡುವಿಗೆ ಬೇಕಾದದ್ದು ಅದು. ಎರಡೂ ಎಲ್ಲಿ ಎಷ್ಟು ಬರಬೇಕೆಂಬ ವಿವೇಕವೇ ವಿದ್ಯೆ.

ವಿದ್ಯೆಯ ಜೊತೆಗೆ ಲೆಕ್ಕವೂ ಇದೆ. ಆಕೆ ಮೊದಲ ಸಂಬಳದಲ್ಲಿ ಉಳಿಸಿ, ಅರ್ಧ ಕಿಲೋಗ್ರಾಮಿಗಿಂತ ತುಸು ಹೆಚ್ಚು ಉಣ್ಣೆಯ ನೂಲು ಕೊಂಡು, ತಂದೆಗೆ ಸ್ವೆಟರ್ ಹೆಣೆಯಲು ತೊಡಗಿದರು. ತಂದೆ ಮಲೆನಾಡಿನ ಸೆರಗಿನ ಒಂದು ಹಳ್ಳಿಯಲ್ಲಿ ಹಾಲಿನ ಸೊಸೈಟಿಗೆ ನಸುಕಿನಲ್ಲೇ ಹೋಗಬೇಕಾದವರು. ಸ್ವೆಟರಿಗೆ ಮುಂಚೆ ಅಂಗೈಯಗಲದ ಒಂದು ಮಾದರಿ ತುಂಡು ಹೆಣೆದರು. 4 ಮಿಲಿಮೀಟರಿನ ಕಡ್ಡಿಯಲ್ಲಿ 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ, ಅಷ್ಟೇ ಎತ್ತರಕ್ಕೆ 30 ಸಾಲು ಬಂದವು. ಎದೆಯ ಸುತ್ತಳತೆ 100 ಸೆಂಟಿಮೀಟರ್ ಆದರೆ ಸುತ್ತಿಗೆ 220 ಕುಣಿಕೆ. ಉದ್ದ 60 ಸೆಂಟಿಮೀಟರಿಗೆ 180 ಸಾಲು. ಗುಣಿಸಿದರೆ 39,600. ಎರಡು ತೋಳಿಗೆ ಇನ್ನೂ ಇಪ್ಪತ್ತು ಸಾವಿರ. ಅಂತೂ ಒಂದು ಸ್ವೆಟರಿಗೆ ಅರವತ್ತು ಸಾವಿರದ ಆಸುಪಾಸು ಕುಣಿಕೆಗಳು! ಹೊಸಬರು ನಿಮಿಷಕ್ಕೆ ಇಪ್ಪತ್ತು ಕುಣಿಕೆ ಹಾಕಿಯಾರು ಎನ್ನೋಣ. ಐವತ್ತು ಗಂಟೆಯಾಯಿತು. ದಿನಕ್ಕೆ ಅರ್ಧ ಗಂಟೆಯಂತೆ ನೂರು ದಿನ. ಇನ್ನು ಹೆಣಿಗೆ ಸಡಿಲವಾಗಿ 22ರ ಜಾಗದಲ್ಲಿ 20 ಕುಣಿಕೆ ಬಂತೆನ್ನಿ. ಅದೇ 220 ಕುಣಿಕೆಯ ಸ್ವೆಟರ್ 110 ಸೆಂಟಿಮೀಟರ್ ಆಗಿ ತಂದೆಯ ಮೈಮೇಲೆ ಜೋಲಾಡುತ್ತದೆ. ಅಂಗೈಯಗಲದ ತುಂಡನ್ನು ಸೋಮಾರಿತನದಿಂದ ಬಿಟ್ಟವರು ನೂರು ದಿನದ ದುಡಿಮೆಯನ್ನು ಬಿಚ್ಚಬೇಕಾಗುತ್ತದೆ.

ಬಿಚ್ಚುವ ಮಾತು ಬಂತು. ಬೇರೆ ಕೆಲಸಗಳಲ್ಲಿ ಕೆಟ್ಟದ್ದು ಕೆಟ್ಟಿತು. ಕತ್ತರಿಸಿದ ಬಟ್ಟೆ ಕೂಡದು, ಹೊತ್ತಿದ ಸಾರು ತಿಳಿಯಾಗದು. ಹೆಣಿಗೆಯಲ್ಲಿ ಹಾಗಲ್ಲ. ಕಡ್ಡಿ ತೆಗೆದು ನೂಲೆಳೆದರೆ ಸಾಲು ಸಾಲಾಗಿ ಬಿಚ್ಚಿಕೊಂಡು ಮತ್ತೆ ಉಂಡೆಯಾಗುತ್ತದೆ. ನೂಲು ನಷ್ಟವಿಲ್ಲ, ನಷ್ಟವಾಗುವುದು ಹೊತ್ತು. ಆದರೆ ಹಾಗೆ ಬಿಚ್ಚುವ ಧೈರ್ಯ ಕಲಿಸುವುದಕ್ಕೆ ಹೊತ್ತು ಖರ್ಚಾದರೆ ಅದನ್ನು ನಷ್ಟದ ಬಾಬಿಗೆ ಹಾಕಬೇಕೆ? ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅದಕ್ಕಿಂತ ಉಪಯುಕ್ತವಾದ ಪಾಠ ಯಾವುದಿದ್ದೀತು?

ಇನ್ನು ನೋಡುವವರ ಮಾತು. ಒಬ್ಬರು ಅಂಗಡಿಯಲ್ಲಿ ಇದರ ಅರ್ಧ ಖರ್ಚಿಗೆ ಸ್ವೆಟರ್ ಸಿಕ್ಕುತ್ತದಲ್ಲ ಎಂದರು. ನಿಜವೇ. ಲುಧಿಯಾನದ ಯಂತ್ರಗಳೊಡನೆ ಹೆಣ್ಣುಮಗಳ ಎರಡು ಕಡ್ಡಿ ಸ್ಪರ್ಧಿಸಲಾರವು, ಸ್ಪರ್ಧಿಸಬೇಕಾದ್ದೂ ಇಲ್ಲ. ಇನ್ನೊಬ್ಬರು ಮಾರಬಾರದೇ ಎಂದರು. ಐವತ್ತು ಗಂಟೆಯ ಕೂಲಿ ಸೇರಿಸಿ ಬೆಲೆ ಹೇಳಿದರೆ ಕೇಳಿದವರೇ ಹಿಂದೆ ಸರಿಯುತ್ತಾರೆ. ಮತ್ತೆ ಕೆಲವರು, "ನಮ್ಮ ಮೊಮ್ಮಗುವಿಗೊಂದು ಕುಲಾವಿ, ಸೊಸೆಗೊಂದು ಶಾಲು" ಎಂದು ಪಟ್ಟಿಯನ್ನೇ ಕೊಟ್ಟರು. ಪ್ರೀತಿಯಿಂದ ಕೊಡುವುದು ಬೇರೆ, ಪುಕ್ಕಟೆ ಕಾರ್ಖಾನೆಯಾಗುವುದು ಬೇರೆ. ಊರಿನಲ್ಲಿ ಹೆಣ್ಣು ನೋಡಲು ಬಂದವರು ಆ ಹೆಣಿಗೆಯನ್ನು ಕೈಯಲ್ಲಿ ಹಿಡಿದು, "ಹುಡುಗಿ ಗೃಹಕೃತ್ಯದಲ್ಲಿ ಜಾಣೆ" ಎಂದು ಮೆಚ್ಚಿದರಂತೆ. ಹಾಡು, ಹಸೆ, ಕಸೂತಿಗಳನ್ನು ನಾವು ಬಹುಕಾಲ ಮದುವೆಯ ಮಾರುಕಟ್ಟೆಯ ಸರಕಾಗಿ ಇಟ್ಟುಕೊಂಡು ಬಂದವರು. ಆಕೆ ತಾಯಿಯ ಬಳಿ, "ಅಮ್ಮ, ಅದು ನನ್ನ ಯೋಗ್ಯತಾಪತ್ರವಲ್ಲ, ನನ್ನ ಬಿಡುವು" ಎಂದರಂತೆ. ಆ ಮಾತು ನನಗೆ ಬಹಳ ಹಿಡಿಸಿತು.

ಅಷ್ಟರಲ್ಲಿ ಆ ಬಿಡುವಿಗೇ ಸಂಚಕಾರ ಬಂತು. ಮಧ್ಯಾಹ್ನ ಊಟವಾದ ಮೇಲೆ ಆಕೆ ಅಧ್ಯಾಪಕರ ಕೊಠಡಿಯಲ್ಲಿ ನಾಲ್ಕು ಸಾಲು ಹೆಣೆಯುವುದುಂಟು. ಅದನ್ನು ಕಂಡ ಹಿರಿಯರೊಬ್ಬರು, "ಹೆಣೆಯುವಷ್ಟು ಪುರಸತ್ತಿರುವವರಿಗೆ ಇನ್ನೂ ಕೆಲಸ ಕೊಡಬಹುದು" ಎಂದು ಮುಖ್ಯೋಪಾಧ್ಯಾಯರ ಕಿವಿಗೆ ಹಾಕಿದರು. ವಿದ್ಯಾರ್ಥಿವೇತನದ ಅರ್ಜಿಗಳ ಕೆಲಸವೂ ವಾರಕ್ಕೆರಡು ಹೆಚ್ಚಿನ ಪೀರಿಯಡ್ಡೂ ಆಕೆಯ ಪಾಲಿಗೆ ಬಂದವು. ಅದೇ ಕೊಠಡಿಯಲ್ಲಿ ಪತ್ರಿಕೆ ಓದುವವರಿದ್ದೆವು, ಕ್ರಿಕೆಟ್ಟಿನ ಚರ್ಚೆ ನಡೆಸುವವರಿದ್ದೆವು, ಕುಳಿತಲ್ಲೇ ತೂಕಡಿಸುವವರಿದ್ದೆವು. ನಮ್ಮ ಬಿಡುವು ಯಾರ ಕಣ್ಣಿಗೂ ಬೀಳಲಿಲ್ಲ. ಆಕೆಯ ಬಿಡುವಿಗೆ ರೂಪವಿತ್ತು, ಬಣ್ಣವಿತ್ತು, ದಿನದಿನಕ್ಕೆ ಉದ್ದವಾಗುತ್ತಿತ್ತು; ಆದ್ದರಿಂದ ಕಣ್ಣಿಗೆ ಬಿತ್ತು. ಜೂನಿನಿಂದ ಆಗಸ್ಟಿನವರೆಗೆ ಸಂಚಿ ಬಿಚ್ಚಲಾಗಲಿಲ್ಲ. ಹೊಸ ಕೆಲಸ ರಾತ್ರಿಯ ಅರ್ಧ ಗಂಟೆಯನ್ನೂ ನುಂಗಿತು. ತಂದೆಯ ಸ್ವೆಟರ್ ಒಂದು ತೋಳಿನಲ್ಲೇ ನಿಂತಿತು.

ಗಣಿತದವರು ಲೆಕ್ಕ ಕೊಡದೆ ಬಿಡುತ್ತಾರೆಯೆ? ಸೆಪ್ಟೆಂಬರಿನ ಆರಂಭದಲ್ಲಿ ಆಕೆ ಒಂದು ಹಾಳೆಯಲ್ಲಿ ತಮ್ಮ ಪೀರಿಯಡ್ಡುಗಳು, ತಿದ್ದಿದ ಪುಸ್ತಕಗಳು, ಮುಗಿಸಿದ ಪಾಠಗಳು ಎಲ್ಲವನ್ನೂ ತಾರೀಖಿನ ಸಮೇತ ಬರೆದು ಮುಖ್ಯೋಪಾಧ್ಯಾಯರ ಮುಂದಿಟ್ಟರು. "ಸಾರ್, ಹೆಣಿಗೆಯಿಂದ ತಡವಾದ ಕೆಲಸ ಇದರಲ್ಲಿ ಯಾವುದು, ತಾವೇ ಹೇಳಿ" ಎಂದು ಮೆಲ್ಲಗೆ ಕೇಳಿದರು. ಅವರು ಹಾಳೆಯನ್ನು ಎರಡು ಸಲ ನೋಡಿದರು. ಹೆಚ್ಚಿನ ಪೀರಿಯಡ್ಡುಗಳನ್ನು ಬೇರೆಯವರಿಗೆ ಹಂಚಿದರು. ಅರ್ಜಿಗಳ ಕೆಲಸ ಆಕೆಯಲ್ಲೇ ಉಳಿಯಿತು. ಪೂರ್ತಿ ಜಯವಲ್ಲ, ಆದರೆ ಅರ್ಧ ಗಂಟೆ ಹಿಂದಕ್ಕೆ ಬಂತು. ದೀಪಾವಳಿಯ ಹೊತ್ತಿಗೆ ಎರಡನೆಯ ತೋಳೂ ಬಂತು.

ಹೆಣಿಗೆ ಹೆಂಗಸರ ಹೊತ್ತುಗಳೆಯುವ ಕೆಲಸವೆಂದು ತಿಳಿದವರಿಗೆ ಒಂದೆರಡು ಮಾತು. ಇದು ಹಿಂದೆ ಹೊಟ್ಟೆಯ ಪಾಡಾಗಿತ್ತು. ಈಜಿಪ್ಟಿನಲ್ಲಿ ಸಿಕ್ಕಿರುವ, ಸಾವಿರ ವರ್ಷದ ಆಚೀಚಿನ ಹತ್ತಿನೂಲಿನ ಕಾಲುಚೀಲಗಳು ಮ್ಯೂಸಿಯಮ್ಮುಗಳಲ್ಲಿವೆ. ಯುರೋಪಿನಲ್ಲಿ ಗಂಡಸರು ಸಂಘ ಕಟ್ಟಿಕೊಂಡು, ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿ, ಹೆಣಿಗೆಯವರೆಂಬ ಪದವಿ ಪಡೆಯುತ್ತಿದ್ದರು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದ. ಕೈಹೆಣಿಗೆಯ ಬಡವರ ಅನ್ನ ಹೋದೀತೆಂದು ಎಲಿಜಬೆತ್ ರಾಣಿ ಅವನಿಗೆ ಸನ್ನದು ಕೊಡಲಿಲ್ಲವೆಂದು ಹೇಳುತ್ತಾರೆ. ಯಂತ್ರವೇನೋ ಗೆದ್ದಿತು. ಅನ್ನದ ಹೊಣೆ ಕಳಚಿದ ಮೇಲೆ ಹೆಣಿಗೆಗೆ ಉಳಿದದ್ದು ಸಂತೋಷದ ಹೊಣೆ. 1971ರಲ್ಲಿ ಎಲಿಜಬೆತ್ ಜಿಮ್ಮರ್‌ಮನ್ ಎಂಬಾಕೆ 'ನಿಟಿಂಗ್ ವಿದೌಟ್ ಟಿಯರ್ಸ್' ಎಂಬ ಪುಸ್ತಕದಲ್ಲಿ, ಬರೆದ ಸೂಚನೆಗಳಿಗೆ ದಾಸರಾಗದೆ ಸ್ವಂತ ಅಳತೆ, ಸ್ವಂತ ಲೆಕ್ಕದಿಂದ ಹೆಣೆಯುವ ದಾರಿ ತೋರಿದರು. ನಮ್ಮ ಗಣಿತದ ಅಧ್ಯಾಪಕಿಗೆ ಅದು ಪ್ರಿಯವಾದ ಪುಸ್ತಕ.

ನಮ್ಮ ನಾಡಿಗೂ ಉಣ್ಣೆ ಹೊಸದಲ್ಲ. ಚಿತ್ರದುರ್ಗದ ಕಡೆ ಚಳ್ಳಕೆರೆಯ ಕಂಬಳಿಯನ್ನು ಬಲ್ಲದವರಾರು? ಕುರುಬರ ಮನೆಗಳಲ್ಲಿ ಹೆಂಗಸರು ನೂತ ನೂಲನ್ನು ಗಂಡಸರು ಮಗ್ಗದಲ್ಲಿ ನೇಯ್ದ ಕಂಬಳಿ ಮಳೆಗೂ ಚಳಿಗೂ ಸೈ. ನಮ್ಮ ದಖನಿ ಕುರಿಯ ಉಣ್ಣೆ ಒರಟು. ಮೈಗೆ ತಾಗುವ ಸ್ವೆಟರಿಗೆ ಮೆರಿನೋ ಜಾತಿಯ ಮೃದುವಾದ ಉಣ್ಣೆ ಬೇಕು. ಪೇಟೆಯಲ್ಲಿ 'ಉಲ್ಲನ್' ಎಂದು ಮಾರುವುದರಲ್ಲಿ ಬಹುಪಾಲು ಕಲ್ಲೆಣ್ಣೆಯಿಂದಾದ ಅಕ್ರಿಲಿಕ್. ಅದು ಅಗ್ಗ, ಒಗೆಯಲು ಸುಲಭ. ಬಿಸಿ ಇಸ್ತ್ರಿ ತಾಗಿದರೆ ಮಾತ್ರ ಸೊರಗುತ್ತದೆ. ನಿಜವಾದ ಉಣ್ಣೆಯ ಎಳೆಗೆ ಸೂಕ್ಷ್ಮವಾದ ಪೊರೆಗಳುಂಟು. ಬಿಸಿನೀರಿನಲ್ಲಿ ಹಾಕಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು, ದೊಡ್ಡವರ ಸ್ವೆಟರ್ ಮಗುವಿನದಾಗುತ್ತದೆ. ಆದ್ದರಿಂದ ತಣ್ಣೀರಿನಲ್ಲೋ ಉಗುರುಬೆಚ್ಚಗಿನ ನೀರಿನಲ್ಲೋ ಅದ್ದಿ, ಹಿಂಡದೆ ಒತ್ತಿ, ನೆರಳಿನಲ್ಲಿ ಚಪ್ಪಟೆಯಾಗಿ ಹಾಸಿ ಒಣಗಿಸಬೇಕು. ತಂತಿಯ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗುತ್ತದೆ.

ತಂದೆ ಆ ಸ್ವೆಟರನ್ನು ಏನು ಮಾಡಿದರೆಂದು ಕೇಳಿದಿರಾ? ಎಲ್ಲ ತಂದೆಯರೂ ಮಾಡುವುದನ್ನೇ. ಹಾಳಾದೀತೆಂದು ಪೆಟ್ಟಿಗೆಯಲ್ಲಿಟ್ಟರು. ಮಗಳು ಸಂಕ್ರಾಂತಿಗೆ ಹೋದಾಗ ಅದನ್ನು ಹೊರಗೆ ತೆಗೆದು, "ಅಪ್ಪಾ, ಹಾಕಿಕೊಂಡು ಹರಿದರೆ ನಾನು ಬಿಚ್ಚಿ ಮತ್ತೆ ಹೆಣೆದೇನು. ಪೆಟ್ಟಿಗೆಯಲ್ಲಿಟ್ಟರೆ ನುಸಿ ತಿನ್ನುತ್ತದೆ, ನುಸಿಗೆ ನಾನು ಹೆಣೆದದ್ದಲ್ಲ" ಎಂದರಂತೆ. ಮರುದಿನ ನಸುಕಿನಲ್ಲಿ ಹಾಲಿನ ಸೊಸೈಟಿಯ ಮುಂದೆ ಸ್ವೆಟರ್ ಹಾಜರಾಯಿತು.

ಶ್ರೋತೃಗಳೆ, ನಿಮ್ಮ ಮನೆಗಳಲ್ಲಿಯೂ ಮಗಳೋ ಸೊಸೆಯೋ ಹೊಸದಾಗಿ ಕೆಲಸಕ್ಕೆ ಹೋಗುತ್ತಿರಬಹುದು. ಸಂಬಳ ಎಷ್ಟು ಬಂತೆಂದು ಕೇಳುತ್ತೇವೆ. ಅಡಿಗೆ ಆಯಿತೇ ಎಂದು ಕೇಳುತ್ತೇವೆ. ದಿನಕ್ಕೆ ಅರ್ಧ ಗಂಟೆ ಅವಳದೆಂದು ಉಳಿಯಿತೇ ಎಂದೂ ಕೇಳೋಣ. ಆ ಅರ್ಧ ಗಂಟೆಯಲ್ಲಿ ಅವಳು ಹೆಣೆಯಲಿ, ಹಾಡಲಿ, ಗಿಡಕ್ಕೆ ನೀರೆರೆಯಲಿ, ಇಲ್ಲವೇ ಸುಮ್ಮನೆ ಕೂರಲಿ. ಲೆಕ್ಕ ಕೇಳುವುದು ಬೇಡ. ಸಾಧ್ಯವಾದರೆ ಆ ಹೊತ್ತಿನ ಪಾತ್ರೆಗಳನ್ನು ಮನೆಯ ಗಂಡಸರು ತೊಳೆದಿಟ್ಟರೆ ಇನ್ನೂ ಒಳ್ಳೆಯದು. ರೇಡಿಯೋ ಅಡಿಗೆಮನೆಗೂ ಕೇಳಿಸುತ್ತದೆ.