ದೊಡ್ಡಗುಬ್ಬಿಯ ಪಕ್ಷಿಮಿತ್ರರು



ಬೆಂಗಳೂರಿನ ಈಶಾನ್ಯ ದಿಕ್ಕಿಗೆ, ಹೆಣ್ಣೂರನ್ನು ದಾಟಿ ಮುಂದೆ ಸಾಗಿದರೆ, ದೊಡ್ಡಗುಬ್ಬಿ ಎಂಬ ಗ್ರಾಮವು ಸಿಕ್ಕುತ್ತದೆ. ಅದಕ್ಕೆ ಸಮೀಪದಲ್ಲಿಯೇ ಚಿಕ್ಕಗುಬ್ಬಿ. ಎರಡು ಊರುಗಳಿಗೂ ಕೆರೆಗಳುಂಟು. 1970ರ ದಶಕದಲ್ಲಿ ಮುಂಬಯಿಯ ಗದ್ದಲವನ್ನು ಬಿಟ್ಟು ಬಂದು ದೊಡ್ಡಗುಬ್ಬಿಯಲ್ಲಿ ಮನೆ ಮಾಡಿದ ಸಜ್ಜನರೊಬ್ಬರ ವಿಷಯವಾಗಿ ನಾವು ಈ ಹೊತ್ತು ಕೆಲವು ಮಾತುಗಳನ್ನು ಅರಿಕೆ ಮಾಡಬೇಕೆಂದಿದ್ದೇವೆ. ಹಕ್ಕಿಗಳನ್ನು ನೋಡುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದವರಿಗೆ ಗುಬ್ಬಿಯ ಹೆಸರಿನ ಊರೇ ದೊರೆತದ್ದು ಕಾಕತಾಳೀಯವೆನ್ನಬೇಕು. ಕಾಕವೂ ಹಕ್ಕಿಯೇ ಆದ್ದರಿಂದ ಆ ಮಾತು ಇಲ್ಲಿ ಚೆನ್ನಾಗಿಯೇ ಒಪ್ಪುತ್ತದೆ.

ಅವರ ಹೆಸರು ಜಫರ್ ಫತೇಹಲ್ಲಿ. ಕೇಳಿದವರು ಇದನ್ನು ನಮ್ಮ ಕಡೆಯ ಯಾವುದೋ ಹಳ್ಳಿಯ ಹೆಸರೆಂದು ಭ್ರಮಿಸಬಹುದು. ಅದು ಮುಂಬಯಿಯ ಮುಸಲ್ಮಾನ ಕುಟುಂಬವೊಂದರ ಮನೆತನದ ಹೆಸರು. 1920ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಹುಟ್ಟಿದ ಇವರು ವೃತ್ತಿಯಿಂದ ವಿಜ್ಞಾನಿಗಳಲ್ಲ, ವ್ಯವಹಾರಸ್ಥರು. ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆಯದ ಒಬ್ಬ ಗೃಹಸ್ಥರು ದೇಶದ ಅರಣ್ಯಮೃಗಗಳ ಹಣೆಬರಹವನ್ನು ತಿದ್ದುವ ಸಭೆಗಳಲ್ಲಿ ಕುಳಿತುಕೊಳ್ಳುವಂತಾದದ್ದು ಹೇಗೆಂಬುದೇ ಅವರ ಚರಿತ್ರೆಯಲ್ಲಿ ನಮಗೆ ಸ್ವಾರಸ್ಯವಾಗಿ ತೋರುವ ಅಂಶ.

ಅವರನ್ನು ಈ ದಾರಿಗೆ ತಂದವರು ಡಾಕ್ಟರ್ ಸಲೀಂ ಅಲಿಯವರು. ಸಲೀಂ ಅಲಿಯವರಿಗೆ ಮೈಸೂರು ಸೀಮೆ ಹೊಸದಲ್ಲ. 1939–40ರಲ್ಲಿ ಈ ಸಂಸ್ಥಾನದ ಪಕ್ಷಿಗಳ ಸರ್ವೇಕ್ಷಣೆಯನ್ನು ನಡೆಸಿ, ಅದರ ಫಲವನ್ನು 1942–43ರಲ್ಲಿ ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದವರು ಅವರೇ. ಆ ಸಂಘವು 1883ರಷ್ಟು ಹಳೆಯದು. 1960ರ ದಶಕದಲ್ಲಿ ಫತೇಹಲ್ಲಿಯವರು ಅದರ ಗೌರವ ಕಾರ್ಯದರ್ಶಿಗಳಾಗಿದ್ದರು. ಅವರ ಪತ್ನಿ ಲಯೀಕ್ ಫತೇಹಲ್ಲಿಯವರೂ ಒಳ್ಳೆಯ ಲೇಖಕಿ. ನ್ಯಾಷನಲ್ ಬುಕ್ ಟ್ರಸ್ಟಿನವರು 1967ರಲ್ಲಿ ಹೊರಡಿಸಿದ, ಸಾಮಾನ್ಯ ಪಕ್ಷಿಗಳನ್ನು ಕುರಿತ ಸಣ್ಣ ಪುಸ್ತಕವು ಸಲೀಂ ಅಲಿಯವರೂ ಲಯೀಕರೂ ಕೂಡಿ ಬರೆದದ್ದು.

1959–60ರಲ್ಲಿ ಫತೇಹಲ್ಲಿಯವರು 'ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್' ಎಂಬ ಪುಟ್ಟ ಪತ್ರಿಕೆಯನ್ನು ಆರಂಭಿಸಿದರು. ಮೊದಮೊದಲು ಅದು ಸೈಕ್ಲೋಸ್ಟೈಲ್ ಮಾಡಿದ ಕೆಲವು ಹಾಳೆಗಳು, ಅಷ್ಟೇ. ವಿದ್ವತ್ಪತ್ರಿಕೆಯಲ್ಲಿ ಬರೆಯುವಷ್ಟು ಸಾಮಗ್ರಿಯಿಲ್ಲದ, ಆದರೆ ಕಣ್ಣಿಟ್ಟು ನೋಡಬಲ್ಲ ಉಪಾಧ್ಯಾಯರು, ಗುಮಾಸ್ತರು, ತೋಟದ ಒಡೆಯರು, ವಿದ್ಯಾರ್ಥಿಗಳು ತಾವು ಕಂಡದ್ದನ್ನು ಬರೆದು ಕಳುಹಿಸುವುದಕ್ಕೆ ಒಂದು ಸ್ಥಳವಾಗಲೆಂಬುದು ಅದರ ಉದ್ದೇಶ. ಯಾವ ಕೆರೆಗೆ ಚಳಿಗಾಲದ ಬಾತುಗಳು ಯಾವ ದಿನ ಬಂದಿಳಿದುವು, ಯಾರ ಮನೆಯ ಮಾಡಿನಲ್ಲಿ ಎಂಥ ಗೂಡು ಕಟ್ಟಿತು ಎಂಬ ಚೂರುಪಾರು ಸುದ್ದಿಗಳೇ ಅದರ ತುಂಬ. ಗಾಂಧೀಜಿಯವರ ಸ್ನೇಹಿತರಾಗಿದ್ದ ಹೊರೇಸ್ ಅಲೆಕ್ಸಾಂಡರ್ ಅವರೂ ಕೇರಳದ ಕೆ. ಕೆ. ನೀಲಕಂಠನ್ ಅವರೂ ಅದಕ್ಕೆ ಬರೆದವರು. ನಾಲ್ಕು ದಶಕಗಳಿಗೂ ಮೀರಿ ಫತೇಹಲ್ಲಿಯವರು ಅದರ ಸಂಪಾದಕರಾಗಿದ್ದರು. ಕಾಲಾನಂತರದಲ್ಲಿ ಅದು ಬೆಂಗಳೂರಿನಲ್ಲಿಯೇ ಮುದ್ರಣವಾಗುತ್ತಿತ್ತು. ಚೂರುಪಾರೆಂದು ನಾವು ಹೇಳಿದೆವಷ್ಟೆ. ಒಂದು ಚೂರಿಗೆ ಬೆಲೆಯಿಲ್ಲ, ನಿಜ. ಒಂದೇ ಕೆರೆಯ ಮೇಲಣ ಇಪ್ಪತ್ತು ವರ್ಷದ ಚೂರುಗಳನ್ನು ಒಟ್ಟಿಗೆ ಇಟ್ಟುನೋಡಿದರೆ, ಬಂದುಹೋಗುತ್ತಿದ್ದ ಹಕ್ಕಿಯೊಂದು ಬರುವುದನ್ನು ನಿಲ್ಲಿಸಿದ್ದು ಯಾವಾಗಲೆಂಬುದು ತಿಳಿಯುತ್ತದೆ. ಅದನ್ನು ಬೇರೆ ಯಾವ ಕಛೇರಿಯ ದಫ್ತರವೂ ಹೇಳಲಾರದು.

1969ರ ನವೆಂಬರಿನಲ್ಲಿ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಹತ್ತನೆಯ ಮಹಾಸಭೆಯು ದೆಹಲಿಯಲ್ಲಿ ಕೂಡಿತು. ಹುಲಿಯ ಸಂತತಿಯು ಅಳಿವಿನ ಅಂಚಿಗೆ ಬಂದಿದೆಯೆಂಬ ಕೂಗು ಪ್ರಪಂಚಕ್ಕೆ ಕೇಳಿಸಿದ್ದು ಅಲ್ಲಿಂದ. ಅದೇ ತಿಂಗಳಲ್ಲಿ ವಿಶ್ವ ವನ್ಯಜೀವಿ ನಿಧಿಯ ಭಾರತ ಶಾಖೆಯೂ ಸ್ಥಾಪಿತವಾಯಿತು. ಅದನ್ನು ಕಟ್ಟಿದವರಲ್ಲಿ ಫತೇಹಲ್ಲಿಯವರು ಪ್ರಮುಖರು. ಮುಂದೆ ಅವರು ಆ ಒಕ್ಕೂಟದ ಉಪಾಧ್ಯಕ್ಷರೂ ಆದರು. 1972ರಲ್ಲಿ ವನ್ಯಜೀವಿ ರಕ್ಷಣೆಯ ಶಾಸನವು ಬಂದಿತು. 1973ರ ಏಪ್ರಿಲ್ ಒಂದರಂದು ಹುಲಿ ಯೋಜನೆಯು ಆರಂಭವಾದಾಗ ಆಯ್ದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದಾಗಿತ್ತು. ಇವೆಲ್ಲವೂ ಒಬ್ಬರಿಂದ ಆದುವೆಂದರೆ ಅತಿಶಯೋಕ್ತಿಯಾದೀತು. ಹಣವಂತರ ಬಾಗಿಲಿಗೂ ಅಧಿಕಾರಿಗಳ ಬಾಗಿಲಿಗೂ ಹೋಗಿ, ಸ್ವರವೇರಿಸದೆ ಕೆಲಸವನ್ನು ಸಾಧಿಸಿಕೊಂಡು ಬರುವವರು ಒಬ್ಬರಿರಬೇಕಾಗುತ್ತದೆ. ಆ ಕೆಲಸವು ಇವರದಾಗಿತ್ತು.

ಇನ್ನು ನಮ್ಮ ಊರಿನ ಮಾತು. ಫತೇಹಲ್ಲಿ ದಂಪತಿಗಳು ದೊಡ್ಡಗುಬ್ಬಿಗೆ ಬಂದಾಗ ಬೆಂಗಳೂರಿನ ಈ ಹೊರವಲಯವು ರಾಗಿಯ ಹೊಲಗಳು, ದ್ರಾಕ್ಷಿಯ ತೋಟಗಳು, ಕೆರೆಗಳ ಏರಿಗಳು ಇವುಗಳಿಂದ ಕೂಡಿತ್ತು. ವೈಟ್‌ಫೀಲ್ಡ್ ಎಂಬುದು 1882ರಲ್ಲಿ ಮಹಾರಾಜ ಚಾಮರಾಜ ಒಡೆಯರವರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ನರು ಬೆಳೆಸಿಕೊಂಡ ಶಾಂತವಾದ ವಸತಿ. ಪೀಣ್ಯದ ಕಾರ್ಖಾನೆಗಳು ಆಗತಾನೆ ತಲೆಯೆತ್ತುತ್ತಿದ್ದುವು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನಾಂದಿಯಾದದ್ದು 1978ರಲ್ಲಿ.

ಅವರು ಇಲ್ಲಿ ಇದ್ದ ಕಾಲದಲ್ಲಿಯೇ, 1976ರಲ್ಲಿ, ಭಾರತ ಸರ್ಕಾರದ ಪರಿಸರ ಸಮಿತಿಯು ಪಶ್ಚಿಮ ಘಟ್ಟಗಳನ್ನು ಕುರಿತು ವಿಚಾರಿಸಲು ಕಾರ್ಯಪಡೆಯೊಂದನ್ನು ನೇಮಿಸಿ, ಅಧ್ಯಕ್ಷತೆಯನ್ನು ಫತೇಹಲ್ಲಿಯವರಿಗೆ ವಹಿಸಿತು. ಕೇರಳದ ಸೈಲೆಂಟ್ ವ್ಯಾಲಿ ಎಂಬ ಕಣಿವೆಯಲ್ಲಿ, ಕುಂತಿಪ್ಪುಳ ಹೊಳೆಗೆ ಅಡ್ಡಲಾಗಿ ಅಣೆಕಟ್ಟನ್ನು ಕಟ್ಟಿ ವಿದ್ಯುತ್ತನ್ನು ಪಡೆಯುವ ಯೋಜನೆಯು ಆಗ ಸಿದ್ಧವಾಗಿತ್ತು. ಸುಮಾರು 830 ಹೆಕ್ಟೇರು ಭೂಮಿ ಮುಳುಗಬೇಕು, ಅದರ ಬಹುಭಾಗ ನಿತ್ಯಹರಿದ್ವರ್ಣದ ಕಾಡು, ಸಿಂಗಳೀಕಗಳ ನೆಲೆ. 1977ರ ವರದಿಯಲ್ಲಿ ಕಾರ್ಯಪಡೆಯು ಈ ಯೋಜನೆಯನ್ನು ಕೈಬಿಡಬೇಕೆಂದು ಸಲಹೆ ಮಾಡಿತು. ಸರ್ಕಾರವೇ ನೇಮಿಸಿದ ಮಂಡಲಿಯೊಂದು ಕಾಡಿಗೋಸ್ಕರ ವಿದ್ಯುತ್ತನ್ನು ಬಿಡಿರೆಂದು ಬರೆದುಕೊಟ್ಟದ್ದು ಆ ಕಾಲಕ್ಕೆ ಸಾಮಾನ್ಯವಾದ ಧೈರ್ಯವಲ್ಲ.

ಆದರೆ ಅದೇ ವರದಿಯಲ್ಲಿ ಇನ್ನೊಂದು ವಾಕ್ಯವಿತ್ತು. ಕೈಬಿಡಲು ಸಾಧ್ಯವೇ ಇಲ್ಲವೆಂದಾದರೆ, 17 ರಕ್ಷಣೋಪಾಯಗಳನ್ನು ಅನುಸರಿಸತಕ್ಕದ್ದು ಎಂದು. ಕೇರಳದ ಸರ್ಕಾರದವರು ಮೊದಲನೆಯ ಸಲಹೆಯನ್ನು ಮಡಿಸಿಟ್ಟು ಎರಡನೆಯದನ್ನು ಭದ್ರವಾಗಿ ಹಿಡಿದುಕೊಂಡರು. 17 ಷರತ್ತುಗಳನ್ನೂ ನಡೆಸಿಕೊಡುತ್ತೇವೆ, ಅಣೆಕಟ್ಟನ್ನು ಕಟ್ಟಲು ಇನ್ನೇನು ಅಡ್ಡಿ ಎಂಬುದು ಅವರ ವಾದವಾಯಿತು. ಮುಂದಿನ ಹೋರಾಟವನ್ನು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರೂ, ಕವಯಿತ್ರಿ ಸುಗತಕುಮಾರಿಯವರಂಥ ಸಾಹಿತಿಗಳೂ, ಸಲೀಂ ಅಲಿಯವರಂಥ ಹಿರಿಯರೂ ನಡೆಸಬೇಕಾಯಿತು. 1983ರಲ್ಲಿ ಯೋಜನೆಯು ಬಿದ್ದುಹೋಯಿತು. 1984ರಲ್ಲಿ ಕಣಿವೆಯು ರಾಷ್ಟ್ರೀಯ ಉದ್ಯಾನವಾಯಿತು.

ಆ ಎರಡನೆಯ ವಾಕ್ಯವನ್ನು ಬರೆಯಬಾರದಾಗಿತ್ತೆಂಬುದು ನಮ್ಮ ಅಭಿಪ್ರಾಯ. ಸೌಮ್ಯಸ್ವಭಾವದವರಿಗೆ ಇರುವ ಅಪಾಯವೇ ಇದು. ಎದುರಿನವನೂ ತಮ್ಮಂತೆಯೇ ಸಜ್ಜನನೆಂದು ಭಾವಿಸಿ, ಅವನಿಗೆ ಮರ್ಯಾದೆಯಿಂದ ಹಿಂದೆಗೆಯಲು ಒಂದು ಬಾಗಿಲನ್ನು ತೆರೆದಿಡುತ್ತಾರೆ. ಅವನು ಅದೇ ಬಾಗಿಲಿನಿಂದ ಒಳಕ್ಕೆ ಬರುತ್ತಾನೆ. ಹೀಗೆಂದಮೇಲೆ ಇದನ್ನೂ ಹೇಳಬೇಕು. ಕೈಬಿಡಿರೆಂಬ ಮೊದಲನೆಯ ವಾಕ್ಯವು ಸರ್ಕಾರದ ಕಾಗದದಲ್ಲಿ ಇಲ್ಲದಿದ್ದರೆ, ಮುಂದೆ ಹೋರಾಡಿದವರು ಕಾಲೂರಿ ನಿಲ್ಲುವುದಕ್ಕೆ ನೆಲವೇ ಇರುತ್ತಿರಲಿಲ್ಲ.

ಈ ಷರತ್ತಿನ ಮಾತನ್ನು ನಾವು ಇಷ್ಟು ಬೆಳೆಸಿದ್ದು ವೃಥಾ ಅಲ್ಲ. ಬೆಂಗಳೂರಿನ ಹೊರವಲಯದ ಕೆರೆಗಳು ಕೆಟ್ಟದ್ದು ಬಹುಮಟ್ಟಿಗೆ ಷರತ್ತುಗಳ ಮೂಲಕವೇ. ಕಟ್ಟಡಕ್ಕೆ ಅನುಮತಿ ಉಂಟು, ಆದರೆ ಕೊಳಚೆಯನ್ನು ಶುದ್ಧಿಮಾಡಿ ಬಿಡತಕ್ಕದ್ದು. ಬಡಾವಣೆಗೆ ಅನುಮತಿ ಉಂಟು, ಆದರೆ ರಾಜಕಾಲುವೆಯನ್ನು ಮುಚ್ಚತಕ್ಕದ್ದಲ್ಲ. ಅನುಮತಿಯು ಕಲ್ಲುಗಾರೆಯಾಗಿ ನಿಂತಿತು. 'ಆದರೆ' ಎಂಬುದು ಕಾಗದದಲ್ಲಿ ಉಳಿಯಿತು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯೂ, ಅದರ ಕೋಡಿಯ ನೀರನ್ನು ಪಡೆಯುವ ವರ್ತೂರು ಕೆರೆಯೂ ನಗರದ ಕೊಳಚೆಗೆ ಗುಂಡಿಗಳಾದುವು. ಬಟ್ಟೆ ಪಾತ್ರೆಗಳನ್ನು ತೊಳೆಯುವ ಪುಡಿಗಳ ಅಂಶವು ಕೆರೆಯಲ್ಲಿ ಸೇರಿಕೊಂಡು, ಕೋಡಿಯಲ್ಲಿ ನೀರು ಧುಮುಕಿ ಕಡೆದಾಗ ನೊರೆಯಾಗಿ ಏಳುತ್ತದೆ. 2015ರಲ್ಲಿ ವರ್ತೂರಿನ ಆ ನೊರೆಯು ವೈಟ್‌ಫೀಲ್ಡಿನ ಕಡೆಯ ರಸ್ತೆಗೆ ಹಾರಿಬಂದಿತು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರಿನ ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. 2022ರ ಸೆಪ್ಟೆಂಬರಿನಲ್ಲಿ ಆ ಸೀಮೆಯ ರಸ್ತೆಗಳು ಹೊಳೆಗಳಾಗಿ, ಗಣಕಯಂತ್ರದ ಕಛೇರಿಗಳ ಉದ್ಯೋಗಸ್ಥರು ಟ್ರಾಕ್ಟರುಗಳನ್ನೇರಿ ಕೆಲಸಕ್ಕೆ ಹೋದರು.

ಕೆರೆಗಳನ್ನು ಉದ್ಧಾರ ಮಾಡುತ್ತೇವೆಂದು ಹೊರಟವರೂ ಹಕ್ಕಿಗಳನ್ನು ಕೇಳದೆ ಹೊರಟದ್ದುಂಟು. ಅಂಗಳವನ್ನು ಬಟ್ಟಲಿನಂತೆ ಅಗೆದು, ಸುತ್ತಲೂ ಕಡಿದಾದ ದಡವನ್ನು ಕಟ್ಟಿ, ಅದರ ಮೇಲೆ ನಡೆದಾಡುವ ಹಾದಿಯನ್ನು ಹಾಸಿದರೆ ನೋಡುವುದಕ್ಕೆ ಸೊಗಸೇ. ಆದರೆ ಗದ್ದೆಗೊರವಕ್ಕೆ ಬೇಕಾದದ್ದು ದಡದ ಕೆಸರು. ಚಳಿಗಾಲದಲ್ಲಿ ಉತ್ತರದಿಂದ ಬರುವ ಅನೇಕ ಬಾತುಗಳಿಗೆ ಬೇಕಾದದ್ದು ತಲೆಯನ್ನು ಮುಳುಗಿಸಿದರೆ ನೆಲ ಸಿಕ್ಕುವಷ್ಟು ತೆಳುವಾದ ನೀರು. ಇದನ್ನು ಬೆಂಗಳೂರಿನ ಹವ್ಯಾಸಿ ಪಕ್ಷಿವೀಕ್ಷಕರು ಬಲ್ಲರು. ಅವರ ಬಳಗವನ್ನು ಕಟ್ಟಿದ ಜೋಸೆಫ್ ಜಾರ್ಜ್ ಅವರು ವೃತ್ತಿಯಿಂದ ಮರದ ವಿಜ್ಞಾನಿ. ಆ ಬಳಗವು 1994ರಲ್ಲಿ ಬೆಂಗಳೂರಿನ ಪಕ್ಷಿಗಳ ಟಿಪ್ಪಣಿಸಹಿತವಾದ ಪಟ್ಟಿಯನ್ನು ಪ್ರಕಟಿಸಿತು. ಫತೇಹಲ್ಲಿಯವರ ಪತ್ರಿಕೆಯ ಚೂರುಪಾರು ಸುದ್ದಿಗಳಂತೆಯೇ, ಈ ಪಟ್ಟಿಯೂ ಭಾನುವಾರದ ಬೆಳಗುಗಳಲ್ಲಿ ಬೈನಾಕುಲರನ್ನು ಹಿಡಿದು ಕೆರೆಯ ಏರಿಯ ಮೇಲೆ ನಿಂತವರ ದುಡಿಮೆ.

ಫತೇಹಲ್ಲಿಯವರಿಗೆ ಪದ್ಮಶ್ರೀ ಪ್ರಶಸ್ತಿಯೂ, ನೆದರ್ಲೆಂಡ್ಸ್ ದೇಶದ ಸ್ವರ್ಣ ನೌಕೆಯ ಪದವಿಯೂ ದೊರೆತುವು. ಅವರ ಮಕ್ಕಳಲ್ಲಿ ಶಮಾ ಅವರು ಕಾದಂಬರಿಗಳನ್ನು ಬರೆದರು. ಝಾಯಿ ವಿಟೇಕರ್ ಅವರು ಮದರಾಸಿನ ಮೊಸಳೆಗಳ ತಾಣದ ಕೆಲಸದಲ್ಲಿ ಹೆಸರಾದರು. ಮುಂದೆ ಅವರ ವಾಸ ಕೋರಮಂಗಲದಲ್ಲಿ. ದೊಡ್ಡಗುಬ್ಬಿಯ ಬಯಲನ್ನು ಕಂಡ ಕಣ್ಣಿಗೆ ಬಹುಮಹಡಿಯ ಮನೆಯ ಕಿಟಕಿ. 2013ನೆಯ ಇಸವಿ ಆಗಸ್ಟ್ 11ರಂದು, ತಮ್ಮ 93ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಶಾಂತಿ ಮತ್ತು ಆಶೀಷ್ ಚಂದೋಲಾ ಅವರೊಡನೆ ಸಿದ್ಧಪಡಿಸಿದ್ದ ಅವರ ನೆನಪುಗಳ ಪುಸ್ತಕವು ಮರುವರ್ಷ ಹೊರಬಂದಿತು. ಹುಲಿಯ ಹೆಸರನ್ನಾಗಲಿ ಕಣಿವೆಯ ಹೆಸರನ್ನಾಗಲಿ ಅದಕ್ಕೆ ಇಟ್ಟಿಲ್ಲ. ನಮ್ಮ ಹಿತ್ತಲುಗಳಲ್ಲಿ ಬೇಸಗೆಯ ಮುಂಜಾನೆ, ಬೆಳಕು ಹರಿಯುವುದಕ್ಕೆ ಮುಂಚೆಯೇ ಹಾಡುವ, ಕಪ್ಪು ಬಿಳುಪಿನ ಮಡಿವಾಳ ಹಕ್ಕಿಯ ಹೆಸರನ್ನು ಇಟ್ಟಿದ್ದಾರೆ.